ಒಳ್ಳೆ ರೇಜರ್, ಒಳ್ಳೆ ಬ್ಲೇಡ್: ನಿಮ್ಮ ಮುಖಕ್ಕೆ ಒಪ್ಪುವ ಜೋಡಿಯನ್ನು ಹೋಲಿಸಿ ಆರಿಸುವುದು ಹೇಗೆ?

ಒಂದೇ ಪೊಟ್ಟಣದ ಎರಡು ಹೊಸ ಬ್ಲೇಡ್. ಒಂದನ್ನು ಅಪ್ಪ ಬಳಸುತ್ತಿದ್ದ ಹಳೇ ರೇಜರಿಗೆ ಹಾಕಿದೆ. ಇನ್ನೊಂದನ್ನು ಮೂರು ತಿಂಗಳು ದುಡ್ಡು ಕೂಡಿಟ್ಟು ತಂದಿದ್ದ ಹೊಸ ರೇಜರಿಗೆ. ಎಡಗೆನ್ನೆಗೆ ಹಳೆಯದು, ಬಲಗೆನ್ನೆಗೆ ಹೊಸದು. ಎಡಗಡೆ ನುಣ್ಣಗಾಯಿತು. ಬಲಗಡೆ, ಅಂದರೆ ದುಬಾರಿ ರೇಜರ್ ಓಡಿದ ಕಡೆ, ಮಧ್ಯಾಹ್ನದವರೆಗೂ ಚುರುಚುರು ಅನ್ನುತ್ತಿತ್ತು. ಮುಂದಿನ ವಾರ ಅದೇ ದುಬಾರಿ ರೇಜರಿಗೆ ಬೇರೆ ಕಂಪನಿಯ ಬ್ಲೇಡ್ ಹಾಕಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.

ರೇಜರ್ ಬದಲಾಗಿರಲಿಲ್ಲ, ನನ್ನ ಚರ್ಮವೂ ಬದಲಾಗಿರಲಿಲ್ಲ. ಬದಲಾಗಿದ್ದು ಜೋಡಿ. ‘ಯಾವ ರೇಜರ್ ಒಳ್ಳೆಯದು?’ ಅಂತ ಯಾರಾದರೂ ಕೇಳಿದರೆ ನಾನು ಅದಕ್ಕೇ ನೇರ ಉತ್ತರ ಕೊಡುವುದಿಲ್ಲ. ಬೇರೆಯವರ ಮುಖಕ್ಕೆ ಒಪ್ಪಿದ ಜೋಡಿ ನಿಮಗೆ ಒಪ್ಪಬೇಕೆಂದಿಲ್ಲ. ಆದರೆ ನಿಮ್ಮ ಜೋಡಿಯನ್ನು ನೀವೇ ಹುಡುಕಿಕೊಳ್ಳುವ ದಾರಿ ಇದೆ. ಸ್ವಲ್ಪ ತಾಳ್ಮೆ ಬೇಕು, ಒಂದು ನೋಟ್‌ಬುಕ್ ಬೇಕು. ಆ ದಾರಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ದುಡ್ಡು ಯಾವುದಕ್ಕೆ ಕೊಡುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಮಾರಾಟ ಶುರು ಮಾಡಿದ್ದು 1903ರಲ್ಲಿ. ಆ ವರ್ಷ ಹೋಗಿದ್ದು ಬರೀ 51 ರೇಜರ್, 168 ಬ್ಲೇಡ್. ಪೇಟೆಂಟ್ ಸಿಕ್ಕಿದ್ದು 1904ರ ನವೆಂಬರಿನಲ್ಲಿ. ಅವರ ಯೋಚನೆ ಸರಳವಾಗಿತ್ತು: ಹಿಡಿ ಉಳಿಯಲಿ, ಮೊಂಡಾದ ಬ್ಲೇಡ್ ಮಾತ್ರ ಹೋಗಲಿ. ನೂರಿಪ್ಪತ್ತು ವರ್ಷ ಕಳೆದರೂ ಎರಡು ಅಲಗಿನ ಬ್ಲೇಡಿನ ಲೆಕ್ಕಾಚಾರ ಅದೇ.

ಬ್ಲೇಡ್ ಕೇವಲ 0.1 ಮಿಲಿಮೀಟರ್ ದಪ್ಪ, ಅಗಲ 22 ಮಿಲಿಮೀಟರ್. ಬೆರಳಲ್ಲಿ ಹಿಡಿದರೆ ಬಾಗುತ್ತದೆ. ಇಷ್ಟು ತೆಳ್ಳಗಿನ ವಸ್ತು ಮುಖದ ಮೇಲೆ ನಡುಗದೆ ಓಡಬೇಕು ಅಂದರೆ ಅದನ್ನು ಯಾರಾದರೂ ಬಿಗಿಯಾಗಿ ಹಿಡಿಯಬೇಕು, ಅಲ್ವಾ? ರೇಜರ್ ಮಾಡುವುದು ಅದನ್ನೇ. ಬ್ಲೇಡನ್ನು ಬಾಗಿಸುತ್ತದೆ, ಒತ್ತಿ ಹಿಡಿಯುತ್ತದೆ, ಅಲಗನ್ನು ಬೇಕಾದಷ್ಟೇ ಹೊರಗೆ ಬಿಡುತ್ತದೆ. ಕೂದಲು ಕತ್ತರಿಸುವುದು ಬ್ಲೇಡ್. ಹಾಗಾಗಿ ದುಬಾರಿ ರೇಜರ್ ಅಂದರೆ ಜಾಸ್ತಿ ಹರಿತ ಅಂತ ಅಲ್ಲ. ಅದು ಎರಡೂ ಕಡೆಗೆ ಅಲಗನ್ನು ಒಂದೇ ಸಮ ಹೊರಗೆ ಬಿಡುತ್ತದೆ, ಇವತ್ತು ಕೂರಿಸಿದ ಹಾಗೇ ನಾಳೆಯೂ ಕೂರಿಸುತ್ತದೆ. ನಾವು ಕೊಡುವ ದುಡ್ಡು ಆ ಕರಾರುವಾಕ್ಕು ಕೆಲಸಕ್ಕೆ.

ರೇಜರ್ ಕೊಳ್ಳುವಾಗ ಮೂರು ಮಾತು ಕಿವಿಗೆ ಬೀಳುತ್ತವೆ. ಅಲಗಿಗೂ ಅದರ ಕೆಳಗಿನ ಕಾವಲು ಪಟ್ಟಿಗೂ ನಡುವಿನ ಸಂದು ‘ಬ್ಲೇಡ್ ಗ್ಯಾಪ್’. ಮೇಲಿನ ಮುಚ್ಚಳವನ್ನೂ ಕೆಳಗಿನ ಪಟ್ಟಿಯನ್ನೂ ಮುಟ್ಟುವ ಹಾಗೆ ಒಂದು ಗೆರೆ ಎಳೆದರೆ, ಅಲಗು ಆ ಗೆರೆಯಿಂದ ಎಷ್ಟು ಆಚೆಗೆ ಇಣುಕುತ್ತದೆ ಅನ್ನುವುದು ‘ಎಕ್ಸ್‌ಪೋಶರ್’. ಮೂರನೆಯದು ಹಿಡಿತ: ಬ್ಲೇಡನ್ನು ಅಲಗಿಗೆ ಎಷ್ಟು ಹತ್ತಿರದಲ್ಲಿ ಒತ್ತಿ ಹಿಡಿದಿದೆ ಅನ್ನುವುದು. ಎಲ್ಲರೂ ಗ್ಯಾಪ್ ಬಗ್ಗೆಯೇ ಮಾತಾಡುತ್ತಾರೆ. ನನ್ನ ಅನುಭವದಲ್ಲಿ ಮುಖಕ್ಕೆ ಗೊತ್ತಾಗುವುದು ಎಕ್ಸ್‌ಪೋಶರ್ ಮತ್ತು ಹಿಡಿತ. ಹಿಡಿತ ಸಡಿಲವಾದರೆ ಗಟ್ಟಿ ಕೂದಲು ಸಿಕ್ಕಾಗ ಅಲಗು ಸಣ್ಣಗೆ ನಡುಗುತ್ತದೆ. ಗದ್ದದ ಮೇಲೆ ಕರಕರ ಅಂತ ಎಳೆದ ಹಾಗೆ ಅನ್ನಿಸುವುದು ಅದೇ.

ಅಲಗು ಕಡಿಮೆ ಇಣುಕುವ ರೇಜರಿಗೆ ಮೈಲ್ಡ್ ಅಂತಾರೆ, ಜಾಸ್ತಿ ಇಣುಕಿದರೆ ಅಗ್ರೆಸಿವ್. ಮೈಲ್ಡ್ ಅಂದರೆ ಕಳಪೆ ಅಂತ ತಿಳಿಯಬೇಡಿ. ದಿನಾ ಗಡ್ಡ ತೆಗೆಯುವವರಿಗೆ, ತೆಳು ಚರ್ಮದವರಿಗೆ ಅದೇ ಸುಖ. ಮೂರು ನಾಲ್ಕು ದಿನಕ್ಕೊಮ್ಮೆ ತೆಗೆಯುವ ದಟ್ಟ ಗಡ್ಡದವರಿಗೆ ಮೈಲ್ಡ್ ರೇಜರಿನಲ್ಲಿ ಒಂದೇ ಜಾಗಕ್ಕೆ ನಾಲ್ಕು ಸಲ ಹೋಗಬೇಕಾಗುತ್ತದೆ. ಉರಿ ಶುರುವಾಗುವುದು ಅಲ್ಲಿಂದ.

ಎರಡನೇ ಹೆಜ್ಜೆ: ಲೋಹ ನೋಡಿ

ಫೋಟೋದಲ್ಲಿ ಎಲ್ಲ ರೇಜರ್‌ಗಳೂ ಹೊಳೆಯುತ್ತವೆ. ಒಳಗಿನ ಲೋಹ ಯಾವುದು ಅಂತ ವಿವರದಲ್ಲಿ ಓದಿ. ತುಂಬಾ ರೇಜರ್‌ಗಳ ತಲೆ ಜಾಮಾಕ್‌ನದು. ಅಂದರೆ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಮೇಲೆ ಕ್ರೋಮ್ ಲೇಪ ಕೊಟ್ಟದ್ದು. ಚೆನ್ನಾಗಿ ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ಲೇಪ ಕಿತ್ತುಹೋದರೆ ಮಾತ್ರ ಒಳಗಿನ ಸತು ನೀರಿಗೆ ಸಿಕ್ಕಿ ಕೊರೆಯುತ್ತಾ ಹೋಗುತ್ತದೆ. ಇನ್ನೊಂದು ತೊಂದರೆ ಸ್ಕ್ರೂ ಕಡ್ಡಿಯದು. ನಾನು ಒಮ್ಮೆ ಅಗ್ಗದ ಜಾಮಾಕ್ ರೇಜರನ್ನು ಸ್ವಲ್ಪ ಬಿಗಿಯಾಗಿ ತಿರುಗಿಸಿದೆ. ತಲೆಯ ಕಡ್ಡಿ ಮುರಿದು ಹಿಡಿಯೊಳಗೇ ಉಳಿಯಿತು. ಆವತ್ತಿನಿಂದ ಬೆರಳ ತುದಿಯಲ್ಲಿ ಬಿಗಿ ಮಾಡುತ್ತೇನೆ, ಮುಷ್ಟಿಯಲ್ಲಿ ಅಲ್ಲ.

ಹಿತ್ತಾಳೆ ಭಾರ ಇರುತ್ತದೆ, ಗಟ್ಟಿ. ಕಾಲ ಕಳೆದಂತೆ ಬಣ್ಣ ಮಾಸುತ್ತದೆ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ದೇವರ ಮನೆಯ ದೀಪದ ಹಾಗೆ ಮತ್ತೆ ಬೆಳಗುತ್ತದೆ. ಲೇಪ ಇಲ್ಲದ ಹಿತ್ತಾಳೆಗೆ ಮಾತ್ರ ಈ ಉಪಾಯ. ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲೂ 316ಎಲ್ ದರ್ಜೆಯದು, ಬಚ್ಚಲಿನ ತೇವಕ್ಕೆ ಜಗ್ಗುವುದಿಲ್ಲ. ಅದಕ್ಕೆ ಲೇಪವೇ ಇಲ್ಲ, ಆದ್ದರಿಂದ ಕಿತ್ತುಬರುವ ಮಾತೂ ಇಲ್ಲ. ಅಲ್ಯೂಮಿನಿಯಂ ತುಂಬಾ ಹಗುರ. ಟೈಟಾನಿಯಂ ಹಗುರವೂ ಹೌದು, ಗಟ್ಟಿಯೂ ಹೌದು, ಬೆಲೆಯೂ ಹಾಗೇ ಇದೆ.

ಮೂರನೇ ಹೆಜ್ಜೆ: ರೇಜರ್‌ಗಳನ್ನು ಪಕ್ಕಪಕ್ಕ ಇಡಿ

ಜರ್ಮನಿಯ ಸೋಲಿಂಗೆನ್ ಚಾಕು, ಕತ್ತರಿಗಳಿಗೆ ಹೆಸರಾದ ಊರು. ಮರ್ಕೂರ್ 34ಸಿ ಅಲ್ಲಿಯದು. ಎರಡೇ ಭಾಗ, ಗಿಡ್ಡ ದಪ್ಪ ಹಿಡಿ, ತೂಕ ಸುಮಾರು 78 ಗ್ರಾಂ. ಕೈಯಲ್ಲಿ ಹಿಡಿದರೆ ಭಾರ ತಲೆಯ ಕಡೆ ಇದೆ ಅಂತ ಗೊತ್ತಾಗುತ್ತದೆ. ಒತ್ತುವ ಅಭ್ಯಾಸ ಬಿಡಿಸಲು ಈ ಭಾರ ಒಳ್ಳೆ ಮೇಷ್ಟ್ರು. ಕೈ ದೊಡ್ಡದಿದ್ದರೆ ಹಿಡಿ ಗಿಡ್ಡ ಅನ್ನಿಸಬಹುದು.

ಜರ್ಮನಿಯ ಸ್ಯಾಕ್ಸನಿಯ ಮ್ಯೂಲೆ ಆರ್89 ಮತ್ತು ಇಂಗ್ಲೆಂಡಿನ ಶೆಫೀಲ್ಡ್‌ನ ಎಡ್ವಿನ್ ಜ್ಯಾಗರ್ ಡಿಇ89, ಇವೆರಡರ ತಲೆಯ ವಿನ್ಯಾಸ ಒಂದೇ. ಹಿಡಿ ಮಾತ್ರ ಬೇರೆ. ಹಾಗಾಗಿ ಯಾವುದು ಚೆನ್ನಾಗಿ ಶೇವ್ ಮಾಡುತ್ತದೆ ಅಂತ ಇವೆರಡರ ನಡುವೆ ತಲೆ ಕೆಡಿಸಿಕೊಳ್ಳಬೇಡಿ. ಹಿಡಿ ಇಷ್ಟವಾದದ್ದನ್ನು ತಗೊಳ್ಳಿ. ಹೊಸಬರಿಗೆ ಮೂರು ಭಾಗದ ಈ ರೇಜರ್ ಹೆದರಿಸುವುದಿಲ್ಲ. ಆದರೆ ಹೆಸರು ಹತ್ತಿರ ಇದೆ ಅಂತ ಮ್ಯೂಲೆ ಆರ್41 ತರಿಸಿಬಿಡಬೇಡಿ! ಅದು ಬಾಚಣಿಗೆ ಹಲ್ಲಿನಂಥ ಪಟ್ಟಿ ಇರುವ, ಬಹಳ ಅಗ್ರೆಸಿವ್ ರೇಜರ್. ಕೈ ಪಳಗಿದವರಿಗೆ ಮಾತ್ರ.

ಜಪಾನಿನ ಫೆದರ್ ಎಎಸ್-ಡಿ2 ಸ್ಟೇನ್‌ಲೆಸ್ ಸ್ಟೀಲಿನದು, ತುಂಬಾ ಮೈಲ್ಡ್. ಅದೇ ಕಂಪನಿಯ ಹರಿತವಾದ ಬ್ಲೇಡನ್ನು ಅದಕ್ಕೆ ಹಾಕಿದಾಗ ಅದರ ಗುಣ ಗೊತ್ತಾಗುತ್ತದೆ. ಸಾಧಾರಣ ಬ್ಲೇಡ್ ಹಾಕಿ ‘ಇಷ್ಟೇನಾ’ ಅಂದವರನ್ನು ನೋಡಿದ್ದೇನೆ.

ಕೆನಡಾದ ಹೆನ್ಸನ್ ಎಎಲ್13 ಬೇರೆಯೇ ದಾರಿ ಹಿಡಿದಿದೆ. ವಿಮಾನದ ಭಾಗಗಳನ್ನು ಕೊರೆಯುವ ಕಾರ್ಖಾನೆಯವರು ಮಾಡಿದ ಅಲ್ಯೂಮಿನಿಯಂ ರೇಜರ್ ಇದು. ತೂಕ ಸುಮಾರು 37 ಗ್ರಾಂ, ಅಂದರೆ ಮರ್ಕೂರ್‌ನ ಅರ್ಧದಷ್ಟು. ಮೈಲ್ಡ್ ಮಾದರಿಯಲ್ಲಿ ಅಲಗು ಹೊರಗೆ ಇಣುಕುವುದು 0.033 ಮಿಲಿಮೀಟರ್ ಮಾತ್ರ. ಹಿಡಿತ ಬಹಳ ಬಿಗಿ, ನಡುಕವೇ ಇಲ್ಲ. ಕೋನವನ್ನು ತಲೆಯ ಆಕಾರವೇ ಹೇಳಿಕೊಡುತ್ತದೆ. ಕತ್ತು ಕೊಯ್ದುಕೊಳ್ಳುತ್ತೇನೇನೋ ಅಂತ ಹೆದರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸಂದು ಚಿಕ್ಕದಾದ್ದರಿಂದ ಉದ್ದ ಗಡ್ಡ ಸಿಕ್ಕಿದರೆ ಬೇಗ ಕಟ್ಟಿಕೊಳ್ಳುತ್ತದೆ, ಆಗಾಗ ತೊಳೆಯಬೇಕು.

ನನಗೆ ಮೈಲ್ಡ್ ಬೇಕೋ ಅಗ್ರೆಸಿವ್ ಬೇಕೋ ಅಂತಲೇ ಗೊತ್ತಿಲ್ಲ ಅನ್ನುವವರಿಗೆ ರಾಕ್‌ವೆಲ್ 6ಎಸ್. ಸ್ಟೇನ್‌ಲೆಸ್ ಸ್ಟೀಲಿನ ಮೂರು ತಳಪಟ್ಟಿ ಕೊಡುತ್ತಾರೆ. ಒಂದೊಂದನ್ನೂ ಮಗುಚಿ ಹಾಕಬಹುದು. ಹಾಗೆ 1ರಿಂದ 6ರವರೆಗೆ ಆರು ಮಟ್ಟ. ಒಂದೇ ರೇಜರಿನಲ್ಲಿ ಆರು ರೇಜರ್ ಹೋಲಿಸಿದ ಹಾಗೆ. ಮರ್ಕೂರ್ ಫ್ಯೂಚರ್‌ನಲ್ಲಿ ಹಿಡಿ ತಿರುಗಿಸಿಯೇ ಮಟ್ಟ ಬದಲಿಸಬಹುದು, ಆದರೆ ತಲೆ ದಪ್ಪ, ಮೂಗಿನ ಕೆಳಗೆ ಹೋಗಲು ಕಷ್ಟ. ರೇಜೊರಾಕ್ ಗೇಮ್ ಚೇಂಜರ್ 0.68 ಮತ್ತು 0.84 ಮಿಲಿಮೀಟರ್ ಗ್ಯಾಪ್‌ನಲ್ಲಿ ಸಿಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಮಟ್ಟಿಗೆ ಅದರ ಬೆಲೆ ನ್ಯಾಯವಾಗಿದೆ.

ಪಾರ್ಕರ್ ಅನ್ನುವ ಅಮೆರಿಕದ ಹೆಸರಿನ ರೇಜರ್‌ಗಳು ತಯಾರಾಗುವುದು ನಮ್ಮ ದೇಶದಲ್ಲೇ. 99ಆರ್ ಮಾದರಿಯಲ್ಲಿ ಹಿಡಿಯ ತುದಿ ತಿರುಗಿಸಿದರೆ ತಲೆ ಚಿಟ್ಟೆ ರೆಕ್ಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಬ್ಲೇಡ್ ಬದಲಿಸುವುದು ಸುಲಭ. ಅಲುಗುವ ಭಾಗ ಜಾಸ್ತಿ, ಆದ್ದರಿಂದ ಸೋಪಿನ ಜಿಡ್ಡು ಕೂರದಂತೆ ತೊಳೆದಿಡಬೇಕು.

ನಾಲ್ಕನೇ ಹೆಜ್ಜೆ: ಬ್ಲೇಡ್‌ಗಳನ್ನು ಗುಂಪು ಮಾಡಿ

ಬ್ಲೇಡಿನಲ್ಲಿ ಎರಡು ಗುಣ ನೋಡಿ. ಒಂದು ಹರಿತ, ಇನ್ನೊಂದು ನಯ. ಇವೆರಡೂ ಒಂದೇ ಅಂತ ತುಂಬಾ ಜನ ತಿಳಿಯುತ್ತಾರೆ. ಹರಿತ ಅಂದರೆ ಕೂದಲನ್ನು ಎಳೆಯದೆ ಕತ್ತರಿಸುವುದು. ನಯ ಅಂದರೆ ಚರ್ಮದ ಮೇಲೆ ತರಚದೆ ಜಾರುವುದು. ಅಲಗಿನ ಮೇಲೆ ಪ್ಲಾಟಿನಂ, ಕ್ರೋಮಿಯಂ, ಟೆಫ್ಲಾನ್ ಥರದ ಲೇಪಗಳಿರುತ್ತವೆ. ಜಾರುವ ಗುಣ ಬರುವುದು ಮುಖ್ಯವಾಗಿ ಟೆಫ್ಲಾನ್‌ನಿಂದ.

ಜಪಾನಿನ ಫೆದರ್ ಬ್ಲೇಡ್ ಹರಿತದಲ್ಲಿ ಎಲ್ಲರಿಗಿಂತ ಮುಂದೆ. ಮೈಲ್ಡ್ ರೇಜರಿಗೆ ಹೇಳಿ ಮಾಡಿಸಿದ್ದು. ಅಗ್ರೆಸಿವ್ ರೇಜರಿಗೆ ಹೊಸಬರು ಹಾಕಬಾರದು. ಟರ್ಕಿಯ ಡರ್ಬಿ ಎಕ್ಸ್‌ಟ್ರಾ ಇನ್ನೊಂದು ತುದಿ: ಮೃದು, ದಟ್ಟ ಗಡ್ಡವನ್ನು ಎಳೆಯುತ್ತದೆ. ನಡುವಿನಲ್ಲಿ ಹಸಿರು ಪೊಟ್ಟಣದ ಆಸ್ಟ್ರಾ ಸುಪೀರಿಯರ್ ಪ್ಲಾಟಿನಂ, ರಷ್ಯಾದ ವೊಸ್ಖೋದ್, ಈಜಿಪ್ಟಿನ ಶಾರ್ಕ್. ನಮ್ಮ ಕಿರಾಣಿ ಅಂಗಡಿಯ ಜಿಲೆಟ್ 7 ಓ’ಕ್ಲಾಕ್ ಬ್ಲೇಡನ್ನು ಸುಮ್ನೆ ಕಡೆಗಣಿಸಬೇಡಿ. ಅದರಲ್ಲೂ ಕಪ್ಪು ಪೊಟ್ಟಣದ ಸೂಪರ್ ಪ್ಲಾಟಿನಂ ಅನ್ನು ಹೊರದೇಶದವರೂ ಹುಡುಕಿ ತರಿಸಿಕೊಳ್ಳುತ್ತಾರೆ. ಐದು ಸಾವಿರದ ರೇಜರಿನಲ್ಲಿ ಬೀದಿ ಕೊನೆಯ ಅಂಗಡಿಯ ಬ್ಲೇಡ್ ಹಾಕಲು ಸಂಕೋಚ ಬೇಡ. ಬ್ಲೇಡಿನ ಅಳತೆ ಎಲ್ಲ ಕಡೆ ಒಂದೇ.

ಐದಾರು ಬಗೆಯ ಬ್ಲೇಡ್ ಸೇರಿಸಿದ ಸ್ಯಾಂಪಲ್ ಪೊಟ್ಟಣ ಸಿಗುತ್ತದೆ. ಮೊದಲು ಅದನ್ನೇ ತಗೊಳ್ಳಿ. ಯಾವುದೋ ಒಂದರ ನೂರು ಬ್ಲೇಡಿನ ಡಬ್ಬಿಗೆ ಕೈ ಹಾಕಬೇಡಿ.

ಐದನೇ ಹೆಜ್ಜೆ: ಅರ್ಧ ಮುಖದ ಪರೀಕ್ಷೆ

ನನ್ನ ಪ್ರಕಾರ ಈ ಬರಹದ ಜೀವ ಇಲ್ಲಿದೆ. ಸೋಮವಾರ ಒಂದು ರೇಜರ್, ಗುರುವಾರ ಇನ್ನೊಂದು ಅಂತ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಆ ದಿನದ ನಿದ್ದೆ, ಅವಸರ, ಗಡ್ಡದ ಉದ್ದ, ನೊರೆ ಎಲ್ಲವೂ ಬೇರೆ ಇರುತ್ತವೆ. ಒಂದೇ ದಿನ, ಒಂದೇ ನೊರೆ, ಒಂದೇ ಮುಖ ಆಗಬೇಕು.

ಮೊದಲು ಬ್ಲೇಡ್ ಗೊತ್ತು ಮಾಡಿಕೊಳ್ಳಿ, ರೇಜರ್ ಆಮೇಲೆ. ಕೈಯಲ್ಲಿರುವ ಯಾವುದೋ ಒಂದು ರೇಜರನ್ನು ಒಂದು ತಿಂಗಳು ಬದಲಿಸದೆ ಇಟ್ಟುಕೊಂಡು ಬ್ಲೇಡ್‌ಗಳನ್ನು ಮಾತ್ರ ಬದಲಿಸಿ. ಒಂದೊಂದು ಬ್ಲೇಡಿಗೂ ಮೂರು ಶೇವ್. ಮೊದಲ ದಿನವೇ ತೀರ್ಪು ಕೊಡಬೇಡಿ, ಕೆಲವು ಬ್ಲೇಡ್ ಎರಡನೇ ಸಲ ಜಾಸ್ತಿ ನಯವಾಗಿ ಓಡುತ್ತವೆ. ಒಂದೇ ಪೊಟ್ಟಣದಲ್ಲೂ ಒಂದು ಬ್ಲೇಡ್ ಕೆಟ್ಟದ್ದು ಬರಬಹುದು, ಆದ್ದರಿಂದ ಇಷ್ಟವಾಗದ ಕಂಪನಿಗೂ ಇನ್ನೊಂದು ಅವಕಾಶ ಕೊಡಿ. ಸಾಧ್ಯವಾದರೆ ಮನೆಯಲ್ಲಿ ಇನ್ನೊಬ್ಬರ ಕೈಯಿಂದ ಬ್ಲೇಡ್ ಹಾಕಿಸಿಕೊಳ್ಳಿ. ಹಾಕುವವರಿಗೆ ಅಲಗಿಲ್ಲದ ಗಿಡ್ಡ ತುದಿಗಳನ್ನೇ ಹಿಡಿಯಲು ಹೇಳಿ. ಯಾವ ಕಂಪನಿಯದು ಅಂತ ನಿಮಗೆ ಗೊತ್ತಿರಬಾರದು. ಹೆಸರು ಗೊತ್ತಿದ್ದರೆ ಮನಸ್ಸು ಮೊದಲೇ ಒಂದು ಕಡೆ ವಾಲಿಬಿಟ್ಟಿರುತ್ತದೆ.

ಹೀಗೆ ಒಂದು ಬ್ಲೇಡ್ ಗೆದ್ದ ಮೇಲೆ ರೇಜರ್‌ಗಳ ಸರದಿ. ಸ್ನೇಹಿತರಿಂದ ಇನ್ನೊಂದು ರೇಜರ್ ತಂದರೂ ಆಯಿತು. ಹಳೇ ಬ್ಲೇಡ್ ಎಸೆದು, ಕುದಿನೀರಿಗೆ ಸೋಪು ಹಾಕಿ ತೊಳೆದು, ಆಮೇಲೆ ಸರ್ಜಿಕಲ್ ಸ್ಪಿರಿಟ್ ಹಾಕಿ ಒಣಗಿಸಿ ಬಳಸಿ. ಇನ್ನೊಬ್ಬರು ಬಳಸಿದ ಬ್ಲೇಡನ್ನು ಮಾತ್ರ ಯಾವತ್ತೂ ಮುಟ್ಟಬೇಡಿ, ರಕ್ತದಿಂದ ಹರಡುವ ಕಾಯಿಲೆಗಳಿವೆ.

ಎರಡೂ ರೇಜರಿಗೆ ಒಂದೇ ಪೊಟ್ಟಣದ ಹೊಸ ಬ್ಲೇಡ್ ಹಾಕಿ. ಮೂಗಿನಿಂದ ಗಂಟಲಿನವರೆಗೆ ಮುಖವನ್ನು ಎರಡು ಭಾಗ ಮಾಡಿಕೊಳ್ಳಿ. ಎಡಕ್ಕೆ ಒಂದು, ಬಲಕ್ಕೆ ಒಂದು. ಮುಂದಿನ ಶೇವ್‌ನಲ್ಲಿ ಕಡೆ ಬದಲಿಸಿ. ಇದನ್ನು ಮರೆಯಬೇಡಿ. ಬಲಗೈಯವರಿಗೆ ಒಂದು ಕೆನ್ನೆ ಯಾವಾಗಲೂ ಸುಲಭ, ಇನ್ನೊಂದು ಕಷ್ಟ. ಕಡೆ ಬದಲಿಸದಿದ್ದರೆ ಕೈಯ ಗುಣವನ್ನೇ ರೇಜರಿನ ಗುಣ ಅಂತ ಬರೆದುಕೊಂಡುಬಿಡುತ್ತೀರಿ. ನಾಲ್ಕು ಶೇವ್ ಆದರೆ ಸಾಕು. ಪ್ರತಿ ಸಲವೂ ಗಡ್ಡ ಅಷ್ಟೇ ಬೆಳೆದಿರಲಿ, ಒಂದು ದಿನದ್ದಾದರೆ ಒಂದೇ ದಿನದ್ದು.

ಶೇವ್ ಮುಗಿದ ಮೇಲೆ ಒದ್ದೆ ಮುಖಕ್ಕೆ ಪಟಿಕ ಸವರಿ. ಕ್ಷೌರದ ಅಂಗಡಿಯಲ್ಲಿ ಉಜ್ಜುತ್ತಾರಲ್ಲ, ಅದೇ ಬಿಳಿ ಕಲ್ಲು. ಕಣ್ಣಿಗೆ ಕಾಣದ ತರಚು ಎಲ್ಲೆಲ್ಲಿದೆ ಅಂತ ಅದು ತಕ್ಷಣ ಹೇಳುತ್ತದೆ. ಉರಿದ ಜಾಗವೇ ನೀವು ಒತ್ತಿದ ಜಾಗ, ಇಲ್ಲವೇ ರೇಜರ್ ಸರಿಯಾಗಿ ಕೂರದ ಜಾಗ. ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು ಇಷ್ಟು: ಎಷ್ಟು ಸಲ ಸವರಬೇಕಾಯಿತು, ಎಷ್ಟು ಕಡೆ ಗೀರಾಯಿತು, ಪಟಿಕ ಎಲ್ಲಿ ಉರಿಯಿತು, ಮಧ್ಯಾಹ್ನ ಕತ್ತು ಹೇಗಿತ್ತು, ಕೈಗೆ ಮತ್ತೆ ಗಡ್ಡ ಸಿಕ್ಕಿದ್ದು ಎಷ್ಟು ಗಂಟೆಗೆ. ಮಧ್ಯಾಹ್ನದ ಸಾಲು ಮುಖ್ಯ. ಕನ್ನಡಿ ಮುಂದೆ ನಿಂತಾಗ ಎಲ್ಲ ಶೇವ್‌ಗಳೂ ಚೆನ್ನಾಗೇ ಕಾಣುತ್ತವೆ.

ಆರನೇ ಹೆಜ್ಜೆ: ಶೇವ್ ಸರಿ ಇರಲಿ, ಇಲ್ಲದಿದ್ದರೆ ಹೋಲಿಕೆ ಸುಳ್ಳಾಗುತ್ತದೆ

ಸ್ನಾನ ಆದ ಮೇಲೆ ಶೇವ್ ಮಾಡಿ, ಅಥವಾ ಬಿಸಿನೀರಲ್ಲಿ ಮುಖ ತೊಳೆದು ಎರಡು ಮೂರು ನಿಮಿಷ ಬಿಡಿ. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ. ಇದು ಚರ್ಮಕ್ಕೆ ಮಾತ್ರ ಅಲ್ಲ, ಬ್ಲೇಡಿಗೂ ಒಳ್ಳೆಯದು. ಕೂದಲಿಗಿಂತ ಸುಮಾರು ಐವತ್ತು ಪಟ್ಟು ಗಟ್ಟಿಯಾದ ಉಕ್ಕು ಕೂದಲಿನಿಂದ ಹೇಗೆ ಮೊಂಡಾಗುತ್ತದೆ? ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲಗು ನಿಧಾನಕ್ಕೆ ಸವೆಯುತ್ತಿರಲಿಲ್ಲ, ಸಣ್ಣ ಸಣ್ಣ ಚೂರಾಗಿ ಒಡೆಯುತ್ತಿತ್ತು. ಕೂದಲು ಬಾಗಿ ಓರೆಯಾಗಿ ಸಿಕ್ಕಾಗ, ಅಲಗಿನ ದುರ್ಬಲ ಜಾಗದಲ್ಲಿ ಹಾಗಾಗುತ್ತದೆ. ಬ್ಲೇಡಿನ ಅಂಚನ್ನು ಟವೆಲಿನಲ್ಲಿ ಒರೆಸಬೇಡಿ ಅನ್ನುವುದು ಇದಕ್ಕೇ. ಅಷ್ಟು ನಾಜೂಕು ಅದು. ನೀರಲ್ಲಿ ಅಲುಗಾಡಿಸಿ ಒದರಿದರೆ ಸಾಕು.

ನೊರೆಯ ವಿಷಯದಲ್ಲಿ ನೀರು ನೋಡಿ. ನಮ್ಮ ಬೆಂಗಳೂರಿನ ಮನೆಯ ಬೋರ್‌ವೆಲ್ ನೀರು ಗಡಸು. ಸೋಪು ಎಷ್ಟು ತಿಕ್ಕಿದರೂ ನೊರೆ ತೆಳ್ಳಗೆ, ಬೇಗ ಒಣಗುತ್ತದೆ. ಸಾಗರದಲ್ಲಿ ಅತ್ತೆಯ ಮನೆಗೆ ಹೋದಾಗ ಅದೇ ಸೋಪು, ಅದೇ ಬ್ರಷ್, ಬಾವಿ ನೀರಲ್ಲಿ ಮೊಸರಿನ ಹಾಗೆ ಗಟ್ಟಿ ನೊರೆ. ವರ್ಷಗಟ್ಟಲೆ ನಾನು ಬ್ಲೇಡ್‌ಗಳನ್ನು ಬೈದಿದ್ದೆ, ತಪ್ಪು ನೀರಿನದಾಗಿತ್ತು. ಈಗ ಶೇವಿಂಗ್‌ಗೆ ಮಾತ್ರ ಒಂದು ಲೋಟ ಫಿಲ್ಟರ್ ನೀರು ಬಿಸಿ ಮಾಡಿಕೊಳ್ಳುತ್ತೇನೆ. ನಿಮ್ಮದೂ ಗಡಸು ನೀರಾದರೆ ರೇಜರ್ ಬದಲಿಸುವ ಮೊದಲು ಇದನ್ನು ಮಾಡಿ ನೋಡಿ.

ರೇಜರಿನ ಮುಚ್ಚಳವನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ನಿಧಾನಕ್ಕೆ ಕೆಳಗಿಳಿಸುತ್ತಾ ಬನ್ನಿ. ಅಲಗು ತಾಗಿದ ಕೋನದಲ್ಲಿ ನಿಲ್ಲಿಸಿ. ಅಲಗು ಚರ್ಮಕ್ಕೆ ಹೆಚ್ಚುಕಡಿಮೆ 30 ಡಿಗ್ರಿಯಲ್ಲಿರುತ್ತದೆ. ಒತ್ತಬೇಡಿ, ರೇಜರಿನ ಭಾರವೇ ಕೆಲಸ ಮಾಡಲಿ. ಹೆನ್ಸನ್‌ನಂಥ ಹಗುರ ರೇಜರಿನಲ್ಲೂ ಒತ್ತಡ ಬೇಡ. ಚಿಕ್ಕ ಚಿಕ್ಕ ಗೆರೆಯಲ್ಲಿ ಮೊದಲು ಕೂದಲು ಬೆಳೆದ ದಿಕ್ಕಿಗೆ. ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ. ಎದುರು ದಿಕ್ಕಿಗೆ ಹೋಗುವುದು ಚರ್ಮ ಒಪ್ಪಿದರೆ ಮಾತ್ರ. ಕತ್ತಿನಲ್ಲಿ ಕೂದಲು ಸುಳಿಯಾಗಿ ಬೆಳೆದಿರುತ್ತದೆ, ಶೇವ್ ಮಾಡದ ದಿನ ಬೆರಳಾಡಿಸಿ ದಿಕ್ಕು ಗುರುತು ಮಾಡಿಕೊಳ್ಳಿ. ಗುಂಗುರು ಗಡ್ಡದವರಿಗೆ ಕೂದಲು ಚರ್ಮದೊಳಗೇ ತಿರುಗಿ ಗುಳ್ಳೆ ಏಳುವ ಕಾಟ ಇದ್ದರೆ ಎದುರು ದಿಕ್ಕಿನ ಆಸೆ ಬಿಡಿ. ಕಾರ್ಟ್ರಿಡ್ಜ್‌ಗಳಲ್ಲಿ, ಅಂದರೆ ಹಿಡಿಗೆ ಸಿಕ್ಕಿಸುವ ತುಂಬಾ ಅಲಗಿನ ತಲೆಗಳಲ್ಲಿ, ಮೊದಲ ಅಲಗು ಕೂದಲನ್ನು ಎತ್ತುತ್ತದೆ, ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಅಂಥವರಿಗೆ ಒಂದು ಸಲಕ್ಕೆ ಒಂದೇ ಅಲಗು ತಾಗುವ ನಮ್ಮ ರೇಜರಿನ ಶೇವ್ ನೆಮ್ಮದಿ ಕೊಡುವುದು ಇದೇ ಕಾರಣಕ್ಕೆ. ಗುಳ್ಳೆ ಕೀವಾಗುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಏಳನೇ ಹೆಜ್ಜೆ: ಲೆಕ್ಕ ಹಾಕಿ, ಕೊಳ್ಳಿ

ಒಂದು ಬ್ಲೇಡಿಗೆ 10 ರೂಪಾಯಿ, ನಾಲ್ಕು ಶೇವ್ ಅಂತ ಇಟ್ಟುಕೊಳ್ಳಿ. ವಾರಕ್ಕೆ ಐದು ಶೇವ್ ಅಂದರೆ ವರ್ಷಕ್ಕೆ 260, ಅಂದರೆ 65 ಬ್ಲೇಡ್, 650 ರೂಪಾಯಿ. 200 ರೂಪಾಯಿಯ ಕಾರ್ಟ್ರಿಡ್ಜ್ ಹತ್ತು ಶೇವ್ ಬಂದರೆ ವರ್ಷಕ್ಕೆ 5,200. ಈ ಲೆಕ್ಕದಲ್ಲಿ 5,000ದ ರೇಜರಿನ ದುಡ್ಡು ಸುಮಾರು ಒಂದು ವರ್ಷ ಒಂದು ತಿಂಗಳಲ್ಲಿ ಹುಟ್ಟುತ್ತದೆ. ನಿಮ್ಮ ಅಂಗಡಿಯ ಬೆಲೆ ಹಾಕಿಕೊಂಡು ನೋಡಿ. ಹದಿನೈದು ಸಾವಿರದ ರೇಜರಿಗೆ ಈ ಲೆಕ್ಕ ಹೇಳಿ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳಬೇಡಿ. ಅದನ್ನು ಕೊಳ್ಳುವುದು ಇಷ್ಟಕ್ಕೆ, ಅದೂ ತಪ್ಪಲ್ಲ.

ಹೊರದೇಶದಲ್ಲಿರುವ ನೆಂಟರ ಕೈಯಲ್ಲಿ ತರಿಸುವುದಾದರೆ ಬ್ಲೇಡ್‌ಗಳನ್ನು ಚೆಕ್-ಇನ್ ಬ್ಯಾಗಿನಲ್ಲೇ ಇಡಲು ಹೇಳಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ.

ಕೊನೆಯದು: ಹಳೇ ಬ್ಲೇಡ್

ಬಳಸಿದ ಬ್ಲೇಡನ್ನು ಕಸದ ಬುಟ್ಟಿಗೆ ಹಾಗೇ ಹಾಕಬೇಡಿ, ದಯವಿಟ್ಟು. ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ ಕೊಯ್ಯುವುದು ಇಂಥ ಬ್ಲೇಡ್‌ಗಳೇ. ಖಾಲಿ ತಗಡಿನ ಡಬ್ಬಿಯೊಂದರ ಮುಚ್ಚಳಕ್ಕೆ ಬ್ಲೇಡ್ ತೂರುವಷ್ಟು ಸೀಳು ಮಾಡಿ. ಮುಚ್ಚಳವನ್ನು ಟೇಪ್ ಸುತ್ತಿ ಬಿಗಿ ಮಾಡಿ ಕಪಾಟಿನಲ್ಲಿಡಿ. ಒಂದು ಸಣ್ಣ ಡಬ್ಬಿ ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳಿಗೂ ಟೇಪ್ ಹಾಕಿ, ಮೇಲೆ ‘ಬ್ಲೇಡ್ ಇದೆ’ ಅಂತ ದಪ್ಪಕ್ಷರದಲ್ಲಿ ಬರೆದು, ಕಸ ಒಯ್ಯುವವರ ಕೈಗೇ ಹೇಳಿ ಕೊಡಿ.